ಊಟವಾದ ಮೇಲೆ ಒಂದು

ನನ್ನ ರಕ್ತ ಹದಿನಾಲ್ಕು ಸೆಕೆಂಡಿಗೆ ಹೆಪ್ಪುಗಟ್ಟುತ್ತದೆ. ಇದು ನನ್ನ ಜಾತಕದಲ್ಲಿ ಬರೆದಿರಲಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬೊರೇಟರಿ ಟೆಕ್ನಿಷಿಯನ್ ಆಗಿದ್ದಾಗ ನಾನೇ ಅಳೆದು ತಿಳಿದುಕೊಂಡ ಸಂಗತಿ. ಲ್ಯಾಬೊರೇಟರಿ ಎಂದರೆ ದೊಡ್ಡ ಮಾತಾಯಿತು. ಹೆರಿಗೆ ವಾರ್ಡಿಗೂ ಸೌದೆ ಕೊಟ್ಟಿಗೆಗೂ ನಡುವೆ ಒಂದು ಕೋಣೆ. ಅದರಲ್ಲಿ ಒಂದು ಮೈಕ್ರೊಸ್ಕೋಪು, ಒಂದು ಸ್ಪಿರಿಟ್ ದೀಪ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ನನಗಿಂತ ಮೊದಲೇ ಹಾಜರಾಗಿರುತ್ತಿದ್ದ ಮೂವತ್ತು ಮೂತ್ರದ ಶೀಷೆಗಳು. ಇಷ್ಟು ಸಂಪತ್ತಿನ ನಡುವೆ ನಾನು ನೆಮ್ಮದಿಯಾಗಿಯೇ ಇದ್ದೆ. ಕೆಡಿಸಿದವರು ಡಾಕ್ಟರು.

ಡಾಕ್ಟರು ಹೊಸಬರು. ಮದರಾಸಿನಲ್ಲಿ ಓದಿ ಬಂದವರು, ಆದ್ದರಿಂದ ಎಲ್ಲದರಲ್ಲೂ ನಂಬಿಕೆ ಇದ್ದವರು. ಒಂದು ದಿನ ಬೆಳಿಗ್ಗೆ ದಪ್ಪ ಮನುಷ್ಯರೊಬ್ಬರನ್ನು ಹಿಂದಿಟ್ಟುಕೊಂಡು ನನ್ನ ಕೋಣೆಗೆ ಬಂದರು.

"ಏನ್ರೀ, ಪ್ರೋಥ್ರಾಂಬಿನ್ ಟೈಮ್ ಮಾಡಕ್ಕೆ ಬರುತ್ತೇನ್ರೀ ನಿಮಗೆ?"

"ಪುಸ್ತಕದಲ್ಲಿ ಓದಿದೀನಿ ಸಾರ್."

"ಸಾಕು. ನಾನೂ ಅಷ್ಟೇ ಓದಿರೋದು."

ಹಿಂದಿದ್ದವರು ಮದುವೆ ಅಡುಗೆಯ ಭಟ್ಟರು. ಐವತ್ತೆರಡು ವಯಸ್ಸು. ಗುಬ್ಬಿಯಿಂದ ಕುಣಿಗಲ್ಲಿನವರೆಗೆ ಬ್ರಾಹ್ಮಣರ ಮನೆಯ ಮದುವೆ ಎಂದರೆ ಮೊದಲು ಇವರ ತಾರೀಖು ಕೇಳಿ ಆಮೇಲೆ ಪುರೋಹಿತರಿಂದ ಲಗ್ನ ಇಡಿಸುತ್ತಾರೆ ಎಂದು ಪ್ರತೀತಿ. ಒಂದು ತಿಂಗಳಲ್ಲಿ ಅವರಿಗೆ ಮೂರು ಸಲ ಒಂದೇ ರೀತಿ ಆಗಿತ್ತು.

"ಸೌಟು ಕೈಯಲ್ಲಿತ್ತು ಕಣ್ರೀ. ಇದ್ದ ಹಾಗೇ ಬಿದ್ದೋಯ್ತು. ಕೈ ನಂದಲ್ಲ ಅನ್ನೋ ಹಾಗೆ ನೇತಾಡ್ತಿದೆ. 'ಬೆಲ್ಲ ಹಾಕ್ರೋ' ಅನ್ನೋಣ ಅಂತ ಬಾಯ್ಬಿಟ್ರೆ ಬರೀ ಬೆ ಬೆ ಬೆ. ಆಳುಗಳು ನಗಾಡಿದ್ರು. ಹತ್ತು ನಿಮಿಷ ಆದ್ಮೇಲೆ ಎಲ್ಲಾ ಸರಿಹೋಯ್ತು. ಮೊದಲು ಆ ನಕ್ಕವನ ಕಿವಿ ಹಿಂಡಿದೆ, ಬಲಗೈಯಲ್ಲೇ."

ಡಾಕ್ಟರು ನಗಲಿಲ್ಲ. "ಭಟ್ಟರೇ, ಲಕ್ವ ಬಂದು ನಿಮ್ಮ ಮನೆ ನೋಡ್ಕೊಂಡು ಹೋಗಿದೆ. ಮುಂದಿನ ಸಲ ಗಂಟುಮೂಟೆ ಸಮೇತ ಬರುತ್ತೆ. ಬಂದ್ರೆ ಬಲಗೈ, ಬಲಗಾಲು, ಮಾತು, ಮೂರೂ ಹೋಗುತ್ತೆ. ಅದೂ ನೀವು ಕುದಿಯೋ ಕೊಪ್ಪರಿಗೆ ಎತ್ತಿರುವಾಗ ಬಂದ್ರೆ ಇನ್ನೂ ಇಬ್ಬರನ್ನ ನೀವೇ ಕರ್ಕೊಂಡು ಬರಬೇಕಾಗುತ್ತೆ ಇಲ್ಲಿಗೆ."

ಭಟ್ಟರು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಈ ಕೈ ಹೋದ್ರೆ ನಾನು ಇದ್ದು ಏನು ಬಂತು ಹೇಳಿ" ಎಂದರು.

ಮಿದುಳಿಗೆ ಹೋಗುವ ರಕ್ತನಾಳದಲ್ಲಿ ರಕ್ತ ಸಣ್ಣ ಸಣ್ಣದಾಗಿ ಗಟ್ಟಿಯಾಗಿ ಅಡ್ಡ ನಿಲ್ಲುತ್ತಿದೆ, ಮತ್ತೆ ಕರಗಿ ಹೋಗುತ್ತಿದೆ ಎಂಬುದು ಡಾಕ್ಟರ ತೀರ್ಮಾನ. ಆದರೆ ತಲೆಯೊಳಗೆ ಇಣುಕಿ ನೋಡುವ ಯಂತ್ರ ಆಗ ನಮ್ಮಲ್ಲಿರಲಿಲ್ಲ. ನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಎಂದು ತಿಳಿಯಲು ಇದ್ದ ದಾರಿ ಒಂದೇ: ಬೆನ್ನುಹುರಿಯ ಸುತ್ತಲಿನ ನೀರನ್ನು ಸೂಜಿಯಿಂದ ತೆಗೆಯುವುದು. ಡಾಕ್ಟರು ತೆಗೆದರು, ನಾನು ಆ ಟ್ಯೂಬನ್ನು ಕಿಟಕಿಗೆ ಹಿಡಿದು ಹಿಂದೆ ದಿನಪತ್ರಿಕೆ ಇಟ್ಟೆ. ಅಕ್ಷರ ಸ್ಪಷ್ಟವಾಗಿ ಓದಲು ಬಂತು. ಮೈಕ್ರೊಸ್ಕೋಪಿನಲ್ಲೂ ಒಂದು ಕೆಂಪು ಕಣ ಕಾಣಲಿಲ್ಲ. ಒಡೆದಿಲ್ಲ. ಹಾಗಾದರೆ ರಕ್ತ ತೆಳುವಾಗಿಸುವ ಮಾತ್ರೆ ಕೊಡಬಹುದು. ಫೆನಿಂಡಿಯೋನ್ ಎಂದು ಅದರ ಹೆಸರು. ಆ ಮಾತ್ರೆಯ ಗುಣವೇ ಅದರ ದೋಷ. ಕಡಿಮೆ ಕೊಟ್ಟರೆ ಉಪಯೋಗವಿಲ್ಲ. ಹೆಚ್ಚು ಕೊಟ್ಟರೆ ಯಾವ ತಲೆಯನ್ನು ಉಳಿಸಲು ಹೊರಟೆವೋ ಅದೇ ತಲೆಯೊಳಗೆ ರಕ್ತ ಸುರಿಯಬಹುದು. ಎಷ್ಟು ಕೊಡಬೇಕೆಂದು ಹೇಳುವವನು ಡಾಕ್ಟರಲ್ಲ, ನಾನು. ನಾನೂ ಅಲ್ಲ, ನನ್ನ ಸ್ಟಾಪ್ ವಾಚು.

ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಈ ಪರೀಕ್ಷೆಗೆ ಬೇಕಾದದ್ದು ಮೊಲದ ಮಿದುಳು. ಮುಂಬಯಿಯಿಂದ ಪುಡಿ ತರಿಸಿದ್ದೆವು, ಅದು ಬರುವಷ್ಟರಲ್ಲಿ ಕೆಟ್ಟಿತ್ತು. ಹಾಗಾಗಿ ತ್ರಿಕಾಲ ಸಂಧ್ಯಾವಂದನೆ ಮಾಡಿದವರ ವಂಶದಲ್ಲಿ ಹುಟ್ಟಿದ ನಾನು ಮೊಲದ ಮಿದುಳಿನ ಪೊರೆ ಸುಲಿದು, ಒರಳಲ್ಲಿ ಅಸಿಟೋನ್ ಹಾಕಿ ಅರೆದು, ಬಸಿದು, ಮತ್ತೆ ಅರೆದು, ಮರಳಿನ ಹಾಗೆ ಉದುರುದುರಾದ ಮೇಲೆ ಒಣಗಿಸಿ ಶೀಷೆಯಲ್ಲಿ ತುಂಬಿದೆ. ನನ್ನ ಹೆಂಡತಿ ಆ ಅವಧಿಯಲ್ಲಿ ಬಚ್ಚಲ ಮನೆಯ ಮೂಲಕವಲ್ಲದೆ ಬೇರೆ ದಾರಿಯಲ್ಲಿ ನನ್ನನ್ನು ಮನೆಯೊಳಗೆ ಬಿಟ್ಟಿದ್ದಿಲ್ಲ.

ಆ ಪುಡಿಯನ್ನು ಉಪ್ಪುನೀರಿನಲ್ಲಿ ಕದಡಿ, ಬೆಚ್ಚಗೆ ಇಟ್ಟು, ಮೇಲಿನ ತಿಳಿಯನ್ನು ತೆಗೆದು ರೋಗಿಯ ರಕ್ತದ ತಿಳಿಗೆ ಬೆರೆಸಬೇಕು. ಮೈಯ ಶಾಖದಷ್ಟೇ ಬಿಸಿಯಿರುವ ನೀರಿನಲ್ಲಿ ಟ್ಯೂಬು ನಿಲ್ಲಿಸಿ, ಕ್ಯಾಲ್ಸಿಯಂ ಹನಿ ಬೀಳುತ್ತಲೇ ವಾಚು ಒತ್ತಬೇಕು. ಟ್ಯೂಬನ್ನು ಮೆಲ್ಲಗೆ ಓಲಿಸುತ್ತಾ ನೋಡುತ್ತಿದ್ದರೆ ಒಂದು ಕ್ಷಣದಲ್ಲಿ ನೀರಿನಂತಿದ್ದದ್ದು ಲೋಳೆಯಾಗಿ ನಿಂತುಬಿಡುತ್ತದೆ. ಆಗ ವಾಚು ನಿಲ್ಲಿಸಬೇಕು. ಪ್ರತಿಸಲವೂ ಹೋಲಿಸಿ ನೋಡಲು ಆರೋಗ್ಯವಂತನೊಬ್ಬನ ರಕ್ತವೂ ಬೇಕು. ಆಸ್ಪತ್ರೆಯಲ್ಲಿ ಕೇಳಿದೊಡನೆ ತೋಳು ಚಾಚುವ ಆರೋಗ್ಯವಂತ ನಾನೊಬ್ಬನೇ. ಹೀಗೆ ಜಿಲ್ಲೆಗೆ ಮಾದರಿ ಮನುಷ್ಯನೆಂಬ ಪದವಿ ನನಗೆ ದೊರೆಯಿತು. ಭತ್ಯೆಯಿರಲಿಲ್ಲ. ಎರಡೂ ತೋಳುಗಳಲ್ಲಿ ಸೂಜಿ ಚುಚ್ಚಿ ಚುಚ್ಚಿ ನರ ಅಡಗಿ ಕೂತವು.

ನನ್ನದು ಹದಿನಾಲ್ಕು. ಭಟ್ಟರದನ್ನು ಇಪ್ಪತ್ತೆಂಟರಿಂದ ಮೂವತ್ತೈದರೊಳಗೆ ನಿಲ್ಲಿಸಬೇಕು. ಹಾಗೆ ನಿಂತರೆ ಅಡುಗೆಗೆ ಹೋಗಬಹುದು, ಕೊಪ್ಪರಿಗೆ ಎತ್ತುವುದು ಬೇರೆಯವರ ಪಾಲು ಎಂದು ಡಾಕ್ಟರು ಒಪ್ಪಿದರು. ವಾರ್ಡಿನಲ್ಲಿದ್ದ ಹತ್ತು ದಿನ ಎಲ್ಲವೂ ಪುಸ್ತಕದಲ್ಲಿದ್ದ ಹಾಗೇ ನಡೆಯಿತು. ಹದಿನೆಂಟು, ಇಪ್ಪತ್ತಮೂರು, ಇಪ್ಪತ್ತೊಂಬತ್ತು, ಮೂವತ್ತು. ನಡುವೆ ಒಂದು ಗಾಬರಿ. ಭಟ್ಟರು ಮೂತ್ರದ ಶೀಷೆ ಹಿಡಿದುಕೊಂಡು ಓಡಿಬಂದರು.

"ರಕ್ತ ಹೋಗ್ತಿದೆ ಕಣ್ರೀ!"

ಕಿತ್ತಳೆ ಬಣ್ಣ. ನಾನು ಗಂಭೀರವಾಗಿ ಎರಡು ಹನಿ ಆಸಿಡ್ ಬಿಟ್ಟೆ. ಬಣ್ಣ ಮಾಯವಾಯಿತು. "ನೋಡಿ, ರಕ್ತ ಆಗಿದ್ರೆ ಆಸಿಡ್ಡಿಗೆ ಹೋಗ್ತಿರಲಿಲ್ಲ. ಇದು ಮಾತ್ರೆ ಬಣ್ಣ. ಇನ್ಮೇಲೆ ಹೀಗೇ ಇರುತ್ತೆ, ಹೆದರಬೇಡಿ." ಭಟ್ಟರಿಗೆ ನನ್ನ ಮೇಲೆ ಭಕ್ತಿ ಹುಟ್ಟಿತು. ನನಗೂ ಸ್ವಲ್ಪ ಹುಟ್ಟಿತು.

ಮನೆಗೆ ಕಳಿಸುವ ದಿನ ಕಾಂಪೌಂಡರ್ ರಜದಲ್ಲಿದ್ದ. ಮಾತ್ರೆ ಪೊಟ್ಟಣ ಕಟ್ಟಿದ ನರ್ಸು, "ನಿಮ್ಮ ಅಕ್ಷರ ಚೆನ್ನಾಗಿದೆ, ಚೀಟಿ ಬರೆದುಕೊಡಿ" ಎಂದಳು. ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಬರೆದಿದ್ದರು. ಮಾತ್ರೆ ಎಂದ ಮೇಲೆ ಊಟವಾದ ಮೇಲೆ ತಾನೆ? ಕಾಂಪೌಂಡರ್ ಇಪ್ಪತ್ತು ವರ್ಷದಿಂದ ಎಲ್ಲ ಪೊಟ್ಟಣಕ್ಕೂ ಹಾಗೆಯೇ ಬರೆಯುತ್ತಿದ್ದ. ನಾನೂ 'ಊಟವಾದ ಮೇಲೆ ಒಂದು' ಎಂದು ದುಂಡಗೆ ಬರೆದುಕೊಟ್ಟೆ.

ಮದುವೆಯ ದಿನಗಳು ಇನ್ನೂ ಶುರುವಾಗಿರಲಿಲ್ಲ. ವಾರಕ್ಕೊಮ್ಮೆ ಭಟ್ಟರು ಬಂದು ತೋಳು ಚಾಚುತ್ತಿದ್ದರು. ಮೊದಲ ವಾರ ಇಪ್ಪತ್ತೆರಡು. ಮುಂದಿನ ವಾರ ಹದಿನೇಳು. ಅದರ ಮುಂದಿನ ವಾರ ನನ್ನದು ಹದಿನಾಲ್ಕು, ಅವರದು ಹದಿನಾರು. ನಾನು ಮೊಲದ ಪುಡಿಯನ್ನು ಅನುಮಾನಿಸಿದೆ. ಹೊಸದಾಗಿ ಮಾಡಿದೆ. ನೀರಿನ ಶಾಖ ಅನುಮಾನಿಸಿದೆ, ಥರ್ಮಾಮೀಟರ್ ಬದಲಿಸಿದೆ. ಸೊಪ್ಪು ಈ ಮಾತ್ರೆಯ ಬಲ ಕುಗ್ಗಿಸುತ್ತದಂತೆ, ಬಸ್ಸಾರಿನ ಸೊಪ್ಪಿನಿಂದ ಹೀಗಾಗಿರಬಹುದೇ ಎಂದು ಡಾಕ್ಟರು ಕೇಳಿದರು. ಭಟ್ಟರು ಸೊಪ್ಪು ಬಿಟ್ಟರು. ಕೊನೆಗೆ ಡಾಕ್ಟರು ಅವರನ್ನೇ ಅನುಮಾನಿಸಿದರು.

"ಮಾತ್ರೆ ತಪ್ಪಿಸ್ತಿದೀರೇನ್ರೀ?"

"ಶಿವ ಶಿವಾ. ಚೀಟಿಲಿ ಹೇಗೆ ಬರ್ದಿದೆಯೋ ಹಾಗೇ ತಗೊತಿದೀನಿ. ಬೇಕಾದ್ರೆ ಮನೆಯವಳನ್ನ ಕೇಳಿ."

ಜೊತೆಗೆ ಬಂದಿದ್ದ ಅವರ ಹೆಂಡತಿ, "ಹೌದು ಡಾಕ್ಟ್ರೇ, ಒಂದೂ ತಪ್ಪಿಸಿಲ್ಲ, ನಾನೇ ಎತ್ತಿ ಕೊಡೋದು" ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲವೆಂಬುದು ನನಗೆ ಆಮೇಲೆ ತಿಳಿಯಿತು. ಡಾಕ್ಟರು ಒಂದರ ಬದಲು ಎರಡು ಮಾತ್ರೆ ಮಾಡಿದರು. ಹಳೆಯ ಚೀಟಿಯಲ್ಲಿ ನಾನು 'ಒಂದು' ಎಂಬುದನ್ನು ಹೊಡೆದುಹಾಕಿ 'ಎರಡು' ಎಂದು ತಿದ್ದಿದೆ. ಮದುವೆಗಳ ಓಡಾಟವಿದೆಯೆಂದು ಭಟ್ಟರು ಹೆಚ್ಚಿಗೆ ಮಾತ್ರೆ ಕಟ್ಟಿಸಿಕೊಂಡು ಹೋದರು.

ಮುಂದಿನ ವಾರ ಗುಬ್ಬಿಯಲ್ಲಿ ಮೂರು ದಿನದ ಮದುವೆ. ಅದನ್ನು ಮುಗಿಸಿ ಭಟ್ಟರು ಬೆಳಿಗ್ಗೆ ಏಳೂವರೆಗೇ ತುಮಕೂರಿಗೆ ಬಂದಿಳಿದು, ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಕುಣಿಗಲ್ಲಿನ ಹತ್ತಿರ ಇನ್ನೊಂದು ಮದುವೆ. ಆಳುಗಳು ಹಿಂದಿನ ದಿನವೇ ಹೋಗಿ ಒಲೆ ಹೂಡಿದ್ದಾರೆ. "ಬೇಗ ಚುಚ್ಚಿ ಕಳ್ಸಿ, ಎಂಟರ ಬಸ್ ಹಿಡೀಬೇಕು." ಚುಚ್ಚಿದೆ. ಹತ್ತಿ ಒತ್ತಿ ಹಿಡಿದುಕೊಂಡೇ ಓಡಿದರು.

ಮೂವತ್ತು ಶೀಷೆಗಳ ಸರತಿ ಮುಗಿದು ಭಟ್ಟರ ರಕ್ತದ ಸರತಿ ಬಂದಾಗ ಹತ್ತೂವರೆ. ವಾಚು ಒತ್ತಿದೆ. ಮೂವತ್ತು ಸೆಕೆಂಡು ದಾಟಿತು. ಸರಿ. ನಲವತ್ತು. ಐವತ್ತು. ಟ್ಯೂಬು ಓಲಿಸುತ್ತಲೇ ಇದ್ದೆ, ಒಳಗೆ ನೀರು ನೀರಾಗಿಯೇ ಓಡಾಡುತ್ತಿತ್ತು. ತೊಂಬತ್ತಾದಾಗ ಎಣಿಸುವುದನ್ನು ಬಿಟ್ಟೆ. ನನ್ನ ರಕ್ತ ಹಾಕಿದೆ: ಹದಿನಾಲ್ಕು. ಮತ್ತೆ ಅವರದು ಹಾಕಿದೆ: ತೊಂಬತ್ತರವರೆಗೂ ನೀರೇ.

ಡಾಕ್ಟರು ಅಂದು ಬೆಂಗಳೂರಿಗೆ ಹೋಗಿದ್ದರು, ಬರುವುದು ಸಂಜೆ ರೈಲಿಗೆ. ಕಾಂಪೌಂಡರನ ಹತ್ತಿರ ಓಡಿದೆ. ಇಂಥ ಸಮಯಕ್ಕೆಂದೇ, ರಕ್ತ ಮತ್ತೆ ಹೆಪ್ಪುಗಟ್ಟುವಂತೆ ಮಾಡುವ ವಿಟಮಿನ್ ಕೆ ಇಂಜೆಕ್ಷನ್ ನಾಲ್ಕು ತರಿಸಿಟ್ಟಿದ್ದರು.

"ಚೀಟಿ ಎಲ್ಲಿ?" ಎಂದ ಕಾಂಪೌಂಡರ್.

"ಡಾಕ್ಟರಿಲ್ಲವಲ್ಲೋ ಮಾರಾಯ."

"ಅದಕ್ಕೇ ಕೇಳ್ತಿರೋದು. ನೀನು ಉಚ್ಚೆ ನೋಡೋನು, ನಾನು ಪುಡಿ ಕಟ್ಟೋನು. ನಾವಿಬ್ರೂ ಸೇರಿ ಒಬ್ಬ ಮನುಷ್ಯನಿಗೆ ಸೂಜಿ ಹಾಕಿ, ಅವನು ಗೊಟಕ್ ಅಂದ್ರೆ? ಸಂಜೆ ತನಕ ಸುಮ್ನಿರು."

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಸುಮ್ಮನಿರಲು ನನಗೂ ಆಸೆಯೇ ಇತ್ತು. ಒಂದೂವರೆ ತಿಂಗಳಿಂದ ಮೊಲ ಅರೆದು, ರಕ್ತ ಕೊಟ್ಟು ಸೊರಗಿದ್ದೆ. ಆದರೆ ಭಟ್ಟರು ಸಂಜೆಯೊಳಗೆ ಇನ್ನೆಷ್ಟು ಮಾತ್ರೆ ನುಂಗುತ್ತಾರೋ, ಜಾರಿ ತಲೆ ತಗುಲಿಸಿಕೊಳ್ಳುತ್ತಾರೋ. ಬೀಗದ ಕೈ ಅವನ ಕೈಲಿಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ. ಲ್ಯಾಬೊರೇಟರಿ ಟೆಕ್ನಿಷಿಯನ್ ರೋಗಿಯ ಬೆನ್ನು ಹತ್ತಿ ಹೋದದ್ದು ನಮ್ಮ ಆಸ್ಪತ್ರೆಯಲ್ಲಿ ಅದೇ ಮೊದಲು. ನನಗೆ ತಿಳಿದಂತೆ ಅದೇ ಕೊನೆ.

ಮದುವೆ ಮನೆ ಕುಣಿಗಲ್ಲಿನಿಂದ ಎರಡು ಮೈಲಿ. ತಲುಪುವಾಗ ಒಂದೂವರೆ ದಾಟಿತ್ತು. ಅಂದು ದೇವರ ಸಮಾರಾಧನೆ, ಮುನ್ನೂರು ಎಲೆಯ ಊಟ, ಇನ್ನೂ ಬಡಿಸಿರಲಿಲ್ಲ. ಮನೆಯ ಹಿಂದೆ ಗರಿಯ ಚಪ್ಪರದಲ್ಲಿ ಅಡುಗೆ. ಬಸ್ಸಿನ ಬಟ್ಟೆಯಲ್ಲಿದ್ದ ನಾನು ಮಡಿಯ ಜಾಗಕ್ಕೆ ಹೋಗುವಂತಿಲ್ಲ, ಸುಣ್ಣದ ಗೆರೆಯ ಆಚೆಯೇ ನಿಂತು ಕೂಗಿದೆ. ಭಟ್ಟರು ಹುಳಿಯ ಕೊಪ್ಪರಿಗೆಯಿಂದ ನಾಲ್ಕು ಮಾರು ದೂರದಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಬಲಗೈಯ ತೋರುಬೆರಳಿಗೆ ಬಾಳೆಪಟ್ಟೆ, ಅದರ ಮೇಲೆ ಬಟ್ಟೆ. ಬಟ್ಟೆ ಪೂರಾ ಕೆಂಪು. ಆ ಕೈಯನ್ನು ಆರತಿ ಹಿಡಿದಂತೆ ಮೇಲೆತ್ತಿ ಹಿಡಿದು, ಬಾಯಲ್ಲೇ ಅಡುಗೆ ನಡೆಸುತ್ತಿದ್ದರು.

"ಏನ್ರೀ ನೀವಿಲ್ಲಿ! ಊಟಕ್ಕೆ ಸರಿಯಾಗೇ ಬಂದ್ರಿ."

"ಬೆರಳಿಗೇನಾಯ್ತು?"

"ಇವನಿಗೆ ಕುಂಬಳಕಾಯಿ ಹೆಚ್ಚೋದು ತೋರಿಸಕ್ಕೆ ಹೋಗಿ ಈಳಿಗೆ ತಗುಲ್ತು. ಬೆಳಗ್ಗಿಂದ ಕಟ್ತಾನೇ ಇದೀನಿ, ನಿಲ್ತಾ ಇಲ್ಲ."

"ತಲೆನೋವು ಇದೆಯಾ?"

"ಹೊಗೆಗೆ ಸ್ವಲ್ಪ ಇದೆ."

"ಮೂತ್ರ?"

"ಕೆಂಪಗೆ ಹೋಗ್ತಿದೆ. ಅದು ಮಾತ್ರೆ ಬಣ್ಣ, ನೀವೇ ಹೇಳಿದ್ರಲ್ಲ. ನಾನೇನು ಹೆದರಿಲ್ಲ."

ಹೆದರಿದ್ದು ನಾನು. ಮಾತ್ರೆಯ ಬಣ್ಣ ಕಿತ್ತಳೆ, ಕೆಂಪಲ್ಲ. "ಭಟ್ಟರೇ, ಎದ್ದು ನನ್ನ ಜೊತೆ ಬನ್ನಿ. ಈಗಲೇ. ನಿಮ್ಮ ರಕ್ತ ನೀರಾಗಿದೆ. ತಲೆಯೊಳಗೆ ಒಂದು ಹನಿ ಒಡೆದ್ರೆ ಅಲ್ಲಿ ಬಟ್ಟೆ ಕಟ್ಟಕ್ಕಾಗಲ್ಲ."

"ಊಟ ಮುಗೀಲಿ. ನಾಳೆ ಧಾರೆ ಇದೆ. ಅದೂ ಮುಗಿಸಿ ನಾಡಿದ್ದು ಬೆಳಿಗ್ಗೆ ನಿಮ್ಮ ಬಾಗಿಲಲ್ಲಿರ್ತೀನಿ."

"ನಾಡಿದ್ದಿಗೆ ನೀವಿರ್ತೀರೋ ಇಲ್ವೋ."

"ನೀವು ಟ್ಯೂಬು ಅಲ್ಲಾಡಿಸೋರು, ನಿಮಗೇನ್ರೀ ಗೊತ್ತು? ಎಲೆ ಹಾಕೋ ಹೊತ್ತಲ್ಲಿ ಅಡುಗೆಯವನು ಎದ್ದು ಹೋದ ಅಂದ್ರೆ ನಾಳೆಯಿಂದ ಯಾವನು ಕರೀತಾನೆ ನನ್ನ? ಹೋಗಿ, ಚಪ್ಪರದಲ್ಲಿ ಕೂತ್ಕೊಳಿ. ಪಾನಕ ಕೊಡ್ತಾರೆ."

ಮದುಮಗಳ ತಂದೆಯನ್ನು ಹುಡುಕಿ ಹೇಳಿದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಊಟ ಆಗಲಿ ಸ್ವಾಮಿ" ಎಂದು ಹೋದರು. ಅರ್ಧ ಗಂಟೆ ಕಳೆಯಿತು. ಭಟ್ಟರು ಹಣೆ ಒತ್ತಿಕೊಳ್ಳುವುದು ಎರಡು ಸಲ ಕಂಡಿತು. ಮೂರನೆಯ ಸಲ ಕಣ್ಣು ಮುಚ್ಚಿಕೊಂಡರು.

ಆ ಹೊತ್ತಿಗೆ ಹಿತ್ತಿಲ ಬಾಗಿಲಿಂದ ಆ ಮನೆಯ ಅಜ್ಜಿ ಬಂದರು. ಕೆಂಪು ಸೀರೆಯನ್ನು ತಲೆಯ ಮೇಲೆ ಹೊದ್ದ ಮಡಿ ಅಜ್ಜಿ, ಮದುಮಗಳ ತಂದೆಗೆ ತಾಯಿ. ಆಕೆ ಕಂಡೊಡನೆ ಚಪ್ಪರದ ಆಳುಗಳೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಈ ಮನೆಯಲ್ಲಿ ಯಾರ ಮಾತು ನಡೆಯುತ್ತದೆಂಬುದು ನನಗೆ ಆಗ ತಿಳಿಯಿತು. ಹೇಳಬೇಕಾದ ಮಾತೂ ಹೊಳೆಯಿತು. ಅದನ್ನು ಹೇಳಿದರೆ ಭಟ್ಟರ ಗತಿ ಏನೆಂಬುದೂ ಜೊತೆಗೇ ಹೊಳೆಯಿತು. ಹೊಳೆಯಲಿಲ್ಲವೆಂದು ಈಗ ಬರೆದರೆ ಸುಳ್ಳಾದೀತು.

"ಅಜ್ಜಿ, ಇವರ ಕೈಯಿಂದ ಬೆಳಗ್ಗಿಂದ ರಕ್ತ ಸುರೀತಾ ಇದೆ. ಆ ಕೈಯಲ್ಲೇ ಹುಳಿ ಕೂಡಿಸ್ತಿದಾರೆ" ಎಂದೆ.

ಅಜ್ಜಿ ಕೊಪ್ಪರಿಗೆ ನೋಡಿದರು, ಬಟ್ಟೆ ಸುತ್ತಿದ ಬೆರಳು ನೋಡಿದರು. "ರಾಮ ರಾಮಾ! ದೇವರ ಸಮಾರಾಧನೆಗೆ ರಕ್ತದ ಕೈಯೇನಯ್ಯಾ? ಏಳು. ಎದ್ದು ಆಚೆ ಹೋಗು. ಲೇ, ಅದನ್ನೆಲ್ಲ ಗುಂಡಿಗೆ ಸುರೀರೋ!"

"ಅಮ್ಮಾ, ನಾನು ಮುಟ್ಟೇ ಇಲ್ಲ..." ಎಂದರು ಭಟ್ಟರು.

ಕೇಳುವವರಿರಲಿಲ್ಲ. ನಾಲ್ಕು ಜನ ಕೊಪ್ಪರಿಗೆ ಎತ್ತಿ, ಮುನ್ನೂರು ಎಲೆಯ ಹುಳಿಯನ್ನು ಹಿತ್ತಿಲ ಗುಂಡಿಗೆ ಸುರಿದರು. ಇಂಗಿನ ಘಮ ರಸ್ತೆಯವರೆಗೂ ಬಂತು. ಡಾಕ್ಟರ ಶಾಸ್ತ್ರ, ಮೊಲದ ಮಿದುಳು, ಸ್ಟಾಪ್ ವಾಚು ಎಲ್ಲ ಸೇರಿ ಮಾಡಲಾಗದ್ದನ್ನು ಮೈಲಿಗೆಯೆಂಬ ಒಂದು ಮಾತು ಎರಡು ನಿಮಿಷದಲ್ಲಿ ಮಾಡಿತ್ತು. ಭಟ್ಟರು ಪಂಚೆ ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ನನ್ನ ಹಿಂದೆ ನಡೆದರು.

ತುಮಕೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿದೆ. ಬಸ್ಸಿನ ಚಕ್ರ ರಸ್ತೆಯ ಗುಂಡಿಗೆ ಬಿದ್ದಾಗ ತಲೆ ತಗುಲಬಾರದೆಂದು ನನ್ನ ಅಂಗವಸ್ತ್ರ ಮಡಿಚಿ ಕಂಬಿಗೆ ಕಟ್ಟಿದೆ. ಬೆರಳು ಮೇಲೆತ್ತಿಕೊಂಡೇ ಇದ್ದರು.

"ಎಷ್ಟು ಮಾತ್ರೆ ತಗೊಂಡ್ರಿ ಭಟ್ಟರೇ, ಗುಬ್ಬಿಯಲ್ಲಿ?" ಎಂದು ಕೇಳಿದೆ.

"ನೀವು ಬರ್ದ ಹಾಗೆ."

"ಅಂದ್ರೆ ದಿನಕ್ಕೆ ನಾಲ್ಕು."

"ನಾಲ್ಕು ಹೇಗಾಗುತ್ತೆ?" ಸೊಂಟದಿಂದ ಚೀಟಿ ತೆಗೆದು ನನ್ನ ತೊಡೆಯ ಮೇಲಿಟ್ಟರು. ನನ್ನದೇ ದುಂಡಗಿನ ಅಕ್ಷರ. 'ಊಟವಾದ ಮೇಲೆ ಎರಡು'. "ಮದುವೆ ಮನೇಲಿ ಬೆಳಿಗ್ಗೆ ಎಲೆ ಹಾಕ್ತಾರೆ, ಉಪ್ಪಿಟ್ಟು. ಮಧ್ಯಾಹ್ನ ಎಲೆ. ಸಂಜೆ ಬೀಗರಿಗೆ ಫಲಾಹಾರ, ಅವರ ಜೊತೆ ನಮಗೂ ಎಲೆ. ರಾತ್ರಿ ಎಲೆ. ಎಲೆ ಮುಂದೆ ಕೂತೆದ್ರೆ ಊಟಾನೇ ತಾನೆ? ನಾಲ್ಕೆರಡ್ಲ ಎಂಟು."

ಮೂರು ದಿನ. ಇಪ್ಪತ್ತನಾಲ್ಕು ಮಾತ್ರೆ. "ಮತ್ತೆ ಮನೇಲಿದ್ದಾಗ?"

"ಮನೇಲಿ ನನಗೆ ಏಕಾದಶಿ ನಿರಾಹಾರ. ಸೋಮವಾರ, ಶನಿವಾರ ಒಪ್ಪತ್ತು. ಮಿಕ್ಕ ದಿನ ಕೂಡಾ ರಾತ್ರಿ ಬರೀ ಹಾಲು. ಊಟವೇ ಇಲ್ಲದ ಮೇಲೆ ಊಟ ಆದ ಮೇಲಿನ ಮಾತ್ರೆ ಎಲ್ಲಿಂದ ಬರುತ್ತೆ?"

ವಾರ್ಡಿನಲ್ಲಿ ನರ್ಸು ಗಂಟೆ ನೋಡಿ ಬಾಯಿಗೆ ಹಾಕುತ್ತಿದ್ದಳು. ಅದಕ್ಕೇ ಅಲ್ಲಿ ಲೆಕ್ಕ ಸರಿಯಿತ್ತು. ಮನೆಯಲ್ಲಿ ಅವರು ನನ್ನ ಚೀಟಿಯನ್ನು ಶ್ರದ್ಧೆಯಿಂದ ಪಾಲಿಸಿದ್ದರು. ರಕ್ತ ಗಟ್ಟಿಯಾಗಿಯೇ ಉಳಿಯಿತೆಂದು ನಾವು ಮಾತ್ರೆ ದುಪ್ಪಟ್ಟು ಮಾಡಿದೆವು. ಆಮೇಲೆ ಮದುವೆ ಬಂತು. ನಾನು ಮೊಲವನ್ನು ಅನುಮಾನಿಸಿದೆ, ಥರ್ಮಾಮೀಟರನ್ನು ಅನುಮಾನಿಸಿದೆ, ಸೊಪ್ಪು ತಿನ್ನುವುದನ್ನು ಬಿಡಿಸಿದ್ದೂ ಆಯಿತು. ನನ್ನ ಅಕ್ಷರವೊಂದನ್ನು ಬಿಟ್ಟು ಎಲ್ಲವನ್ನೂ ಅನುಮಾನಿಸಿದ್ದೆ.

"ತಪ್ಪು ನಂದು ಭಟ್ಟರೇ" ಎಂದೆ.

"ಯಾವ್ದು?" ಎಂದು ಕೇಳಿದರು. ಒಂದಕ್ಕಿಂತ ಹೆಚ್ಚಿದ್ದವು.

ಸಂಜೆ ರೈಲಿಳಿದು ಬಂದ ಡಾಕ್ಟರು ಇಂಜೆಕ್ಷನ್ ಕೊಟ್ಟು, ಅಲುಗಾಡದಂತೆ ಮಲಗಿಸಿದರು. ಮೂತ್ರಕ್ಕೆ ಆಸಿಡ್ ಬಿಟ್ಟೆ. ಕೆಂಪು ಹಾಗೇ ಉಳಿಯಿತು. ತಲೆಯೊಳಗೂ ರಕ್ತ ಒಸರುತ್ತಿದೆಯೋ ಏನೋ ತಿಳಿಯಲು ಬೆನ್ನಿಗೆ ಸೂಜಿ ಹಾಕುವಂತೆಯೂ ಇಲ್ಲ, ಚುಚ್ಚಿದ ಕಡೆಯೇ ಸುರಿಯಬಹುದು. ಕಾಯುವುದೊಂದೇ ಉಳಿದದ್ದು. ಮಾರನೆಯ ಬೆಳಿಗ್ಗೆ ನಲವತ್ತೊಂದು. ತಲೆನೋವು ಇತ್ತು. ಅದರ ಮಾರನೆಯ ದಿನ ಇಪ್ಪತ್ತಮೂರು, ಬೆರಳು ಒಣಗಿತ್ತು, ತಲೆನೋವು ಬಿಟ್ಟಿತ್ತು. ಭಟ್ಟರು ಬಲಗೈಯಿಂದ ಲೋಟ ಎತ್ತಿ ಗಂಜಿ ಕುಡಿದು, "ಉಪ್ಪಿಲ್ಲ" ಎಂದರು. ಆ ವಾರದಲ್ಲಿ ನಾನು ಕೇಳಿದ ಅತ್ಯಂತ ಸಂತೋಷದ ಸುದ್ದಿ ಅದು.

ಡಾಕ್ಟರು ನನ್ನನ್ನು ಬಯ್ಯಲಿಲ್ಲ. ಹೊಸ ಚೀಟಿಯನ್ನು ತಾವೇ ಬರೆದರು: ಬೆಳಿಗ್ಗೆ ಎಂಟು ಗಂಟೆಗೆ ಒಂದು, ಸಂಜೆ ಎಂಟು ಗಂಟೆಗೆ ಒಂದು, ಉಂಡರೂ ಸರಿ ಬಿಟ್ಟರೂ ಸರಿ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. ಏಕಾದಶಿಯ ಪ್ರಶ್ನೆಯನ್ನು ಭಟ್ಟರ ಹೆಂಡತಿ ಇತ್ಯರ್ಥ ಮಾಡಿದರು: "ತೀರ್ಥದ ಜೊತೆ ನುಂಗಿ. ಔಷಧಿಗೆ ದೋಷ ಇಲ್ಲ. ದೋಷ ಇದ್ರೆ ನನಗೆ ಬರಲಿ." ಆಮೇಲೆ ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು. ಪುಸ್ತಕಕ್ಕೇ ಹೊಟ್ಟೆಕಿಚ್ಚು ಬರಬೇಕು, ಅಷ್ಟು ಸರಿಯಾಗಿ ನಿಂತಿತು.

ಕೈ ಉಳಿಯಿತು, ಕೆಲಸ ಹೋಯಿತು. ರಕ್ತದ ಕೈಯಲ್ಲಿ ಹುಳಿ ಕೂಡಿಸಿದರೆಂಬ ಸುದ್ದಿ ಕುಣಿಗಲ್ಲಿನಿಂದ ಗುಬ್ಬಿಗೆ ಬಸ್ಸಿಗಿಂತ ಬೇಗ ಹೋಯಿತು. ಆ ವರ್ಷ ಒಪ್ಪಿಕೊಂಡಿದ್ದ ಮದುವೆಗಳೆಲ್ಲ ಒಂದೊಂದಾಗಿ ಬೇರೆಯವರ ಪಾಲಾದವು. ನನ್ನ ತಂಗಿಯ ಮಗಳ ಮದುವೆಗೆ ಭಟ್ಟರನ್ನೇ ಕರೆಯೋಣವೆಂದೆ. ನನ್ನ ತಾಯಿ, "ಅವರ ವಿಷ್ಯ ಗೊತ್ತಿಲ್ವೇನೋ ನಿನಗೆ?" ಎಂದರು. ಆ ವಿಷಯ ಹುಟ್ಟಿಸಿದವನಿಗೇ ಅದನ್ನು ವಿವರಿಸಿದರು, ನಾನು ನೋಡದೇ ಇದ್ದ ಸಂಗತಿಗಳನ್ನೂ ಸೇರಿಸಿ.

ಭಟ್ಟರು ವಾರವಾರ ಬಂದು ತೋಳು ಚಾಚುತ್ತಿದ್ದರು. ಒಮ್ಮೆಯೂ ಆ ಮಾತೆತ್ತಲಿಲ್ಲ. ಎಂಟು ತಿಂಗಳು ಒಂದು ಸಲವೂ ಕೈ ಜೋಲಲಿಲ್ಲ. ಮಾತ್ರೆಯಿಂದಲೋ, ಕೊಪ್ಪರಿಗೆ ಹೊರುವುದು ತಪ್ಪಿ ಮೈಗೆ ವಿಶ್ರಾಂತಿ ಸಿಕ್ಕಿದ್ದರಿಂದಲೋ, ನಾನು ಹೇಳಲಾರೆ. ಡಾಕ್ಟರು ಮಾತ್ರೆಯನ್ನು ಮೆಲ್ಲಮೆಲ್ಲನೆ ಇಳಿಸಿ ನಿಲ್ಲಿಸಿದರು. ಕೊನೆಯ ಪರೀಕ್ಷೆಯ ದಿನ ಭಟ್ಟರು ಹೋಗದೆ ನಿಂತರು.

"ಒಂದು ಕಾಗದ ಬೇಕಾಗಿತ್ತು."

"ನಿಮ್ಮ ರಕ್ತ ಈಗ ಎಲ್ಲರ ಹಾಗೇ ಇದೆ ಅಂತ ತಾನೆ? ಬರ್ದುಕೊಡ್ತೀನಿ."

ಸೆಕೆಂಡು ಸಮೇತ ಬರೆದು ಮೊಹರು ಒತ್ತಿಕೊಟ್ಟ ಕಾಗದವನ್ನು ಅವರು ನಿಧಾನವಾಗಿ ಓದಿ ಮೇಜಿನ ಮೇಲಿಟ್ಟರು.

"ಇದು ಡಾಕ್ಟರಿಗೆ ಸರಿ. ಆವತ್ತು ನಾನು ಕೊಪ್ಪರಿಗೆ ಹತ್ರ ಹೋಗಿರಲಿಲ್ಲ. ನಾಲ್ಕು ಮಾರು ದೂರ ಕೂತಿದ್ದೆ. ನೀವು ನೋಡಿದ್ರಿ."

"ನೋಡಿದ್ದೆ."

"ನೋಡಿದ್ದು ಬರೀರಿ."

ಶೀಷೆಯಲ್ಲಿ ಕಂಡದ್ದನ್ನು ಕಂಡಷ್ಟೇ ಬರೆಯುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಮೊಹರಿಲ್ಲದ ಬಿಳಿ ಹಾಳೆ ತೆಗೆದುಕೊಂಡು ಆ ಮನೆಯ ಅಜ್ಜಿಗೇ ಬರೆದೆ. ಸಮಾರಾಧನೆಯ ದಿನ ಭಟ್ಟರು ಗಾಯದ ಕೈಯಿಂದ ಯಾವ ಪಾತ್ರೆಯನ್ನೂ ಮುಟ್ಟಿರಲಿಲ್ಲ; ನಾನು ಕಂಡದ್ದಕ್ಕಿಂತ ಹೆಚ್ಚು ಹೇಳಿದೆ; ಅವರನ್ನು ಎಬ್ಬಿಸಿ ಕರೆತರಲು ಬೇರೆ ದಾರಿ ತೋಚದೆ ಹೇಳಿದೆ; ರಕ್ತ ನಿಲ್ಲದ್ದಕ್ಕೆ ನಾನು ಬರೆದುಕೊಟ್ಟ ಚೀಟಿಯೇ ಕಾರಣ; ನಿಮ್ಮ ಹುಳಿ ಶುದ್ಧವಾಗಿತ್ತು. ಮುನ್ನೂರು ಜನರ ಹುಳಿ ಎಂದು ಸೇರಿಸಿದೆ. ಸಹಿ ಹಾಕಿದೆ. ಭಟ್ಟರು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕುಣಿಗಲ್ ಬಸ್ಸಿಗೆ ಹೋದರು.

ಹದಿನೈದು ದಿನದ ಮೇಲೆ, ಚುಚ್ಚಿಸಿಕೊಳ್ಳುವ ಅಗತ್ಯವೇನೂ ಇಲ್ಲದೆ, ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

"ಅಜ್ಜಿಗೆ ಓದಕ್ಕೆ ಬರಲ್ಲ. ಮಗನ ಹತ್ರ ಮೂರು ಸಲ ಓದಿಸಿದ್ರು. ಆ ಲ್ಯಾಬಿನವನು ಇನ್ನೊಂದು ಸಲ ಈ ಕಡೆ ಬಂದ್ರೆ ಚಪ್ಪರದ ಗಳದಲ್ಲಿ ಹೊಡೀತೀನಿ ಅಂದ್ರು."

"ನ್ಯಾಯ" ಎಂದೆ.

"ಬರೋ ಸೋಮವಾರ ಅವರ ಯಜಮಾನರ ತಿಥಿ. ಅಡುಗೆಗೆ ನೀನೇ ಬರಬೇಕು ಅಂದ್ರು."

ಪಿತೃಗಳ ಅಡುಗೆಯ ಮುಂದೆ ಮದುವೆಯ ಮಡಿ ಮಡಿಯೇ ಅಲ್ಲವೆಂಬುದು ನನಗೆ ಗೊತ್ತಿತ್ತು. ಅದನ್ನು ಮುಟ್ಟುವ ಕೈಯ ಬಗ್ಗೆ ಆ ಅಜ್ಜಿಗೆ ಎಳ್ಳಷ್ಟೂ ಅನುಮಾನ ಉಳಿದಿರಬಾರದು. ಎಷ್ಟು ಜನ ಎಂದು ಕೇಳಿದೆ.

"ಹನ್ನೊಂದು ಜನ. ಇಷ್ಟು ಕಮ್ಮಿ ಜನಕ್ಕೆ ನಾನು ಅಡುಗೆ ಮಾಡೇ ಇಲ್ಲ ಕಣ್ರೀ" ಎಂದ ಭಟ್ಟರು ಸೌದೆ ಕೊಟ್ಟಿಗೆಯ ನೆರಳಲ್ಲಿ ನಿಂತು, ಹನ್ನೊಂದಕ್ಕೆ ಎಷ್ಟು ಬೇಳೆ, ಎಷ್ಟು ಹುಣಿಸೆಹಣ್ಣು ಎಂದು ಬಾಯಲ್ಲಿ ಗುಣಿಸುತ್ತಾ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ಲೆಕ್ಕ ಹಾಕತೊಡಗಿದರು.